ಪಡುವಣಕ್ಕೆ ನಡೆದ ಏಳು ತಲೆಮಾರು

1848ರ ಮಾರ್ಚ್‌ನಲ್ಲಿ, ಇಲಿನಾಯ್‌ನಿಂದ ಮೊದಲ ಸಲ ಅಮೆರಿಕದ ಪ್ರತಿನಿಧಿ ಸಭೆಗೆ ಆರಿಸಿಬಂದಿದ್ದ ಅಬ್ರಹಾಂ ಲಿಂಕನ್ ಅವರ ಕೈಗೆ ಒಂದು ಪತ್ರ ತಲುಪಿತು. ಬರೆದವನು ಮ್ಯಾಸಚೂಸೆಟ್ಸ್‌ನ ಹಿಂಗಂ ಊರಿನ ಸಾಲೊಮನ್ ಲಿಂಕನ್. ತನ್ನೂರಿನ ಚರಿತ್ರೆ ಬರೆದಿದ್ದ ಆತನಿಗೆ ಮನೆತನಗಳ ಬೇರು ಹುಡುಕುವುದರಲ್ಲಿ ಆಸಕ್ತಿ. ಈ ಲಿಂಕನ್ ಯಾವ ಲಿಂಕನ್ನರ ಪೈಕಿ, ಅವರ ಹಿರಿಯರು ಎಲ್ಲಿಂದ ಬಂದವರು ಎಂದು ವಿಚಾರಿಸಿದ್ದ. ಲಿಂಕನ್ ಮಾರ್ಚ್ 6ರಂದು ತಮಗೆ ತಿಳಿದಷ್ಟನ್ನು ಬರೆದರು. ಅಪ್ಪ ಥಾಮಸ್. ಅಜ್ಜನ ಹೆಸರೂ ಅಬ್ರಹಾಂ. ಅಜ್ಜ 1782ರ ಸುಮಾರಿಗೆ ವರ್ಜೀನಿಯಾದ ರಾಕಿಂಗಂ ಕೌಂಟಿಯಿಂದ ಕೆಂಟಕಿಗೆ ಹೋದ, ಎರಡು ವರ್ಷದಲ್ಲಿ ಇಂಡಿಯನ್ನರ, ಅಂದರೆ ಅಲ್ಲಿನ ಮೂಲನಿವಾಸಿಗಳ, ಕೈಯಲ್ಲಿ ಸತ್ತ. ಮುತ್ತಜ್ಜ ಪೆನ್ಸಿಲ್ವೇನಿಯಾದಿಂದ ಬಂದವನು, ಕ್ವೇಕರ್ ಪಂಥದವನು ಎಂದು ಮನೆಯಲ್ಲಿ ಒಂದು ಮಾತಿದೆ. ಅದರಾಚೆಗೆ ಏನೂ ಕೇಳಿಲ್ಲ.

ನಮ್ಮ ಕಡೆಯ ಒಕ್ಕಲು ಮನೆತನಗಳಿಗೆ ಹೆಳವರು ಇದ್ದಾರೆ. ಎತ್ತಿನ ಮೇಲೆ ಬಂದು ಅಂಗಳದಲ್ಲಿ ನಿಂತು ಹತ್ತಾರು ತಲೆಮಾರಿನ ಹೆಸರು, ಊರು, ವಲಸೆ ಬಂದ ದಾರಿ ಎಲ್ಲವನ್ನೂ ಹೇಳಿ ಕಾಳು ಪಡೆದು ಹೋಗುತ್ತಾರೆ. ಗಡಿನಾಡಿನ ಕಾಡು ಕಡಿದು ಜೋಳ ಬಿತ್ತುತ್ತ ಪಡುವಣಕ್ಕೆ ಸರಿಯುತ್ತಿದ್ದ ಅಮೆರಿಕದ ರೈತನ ಮನೆಗೆ ಅಂಥವರಾರೂ ಬರುತ್ತಿರಲಿಲ್ಲ. ಒಂದೊಂದು ವಲಸೆಗೂ ಅಣ್ಣತಮ್ಮಂದಿರು ಹಿಂದೆ ಉಳಿದರು, ಅಜ್ಜಿಯರ ಸಮಾಧಿಗಳು ಹಿಂದೆ ಉಳಿದವು, ಅವರ ಜೊತೆ ಕಥೆಗಳೂ ಉಳಿದುಬಿಟ್ಟವು. ಮೂರನೆಯ ತಲೆಮಾರಿಗೆ ನೆನಪು ಬರಿದು.

ಆದರೂ ಆ ಪತ್ರದಲ್ಲಿ ಲಿಂಕನ್ ಒಂದು ಸಾಲು ಸೇರಿಸಿದ್ದರು. ಅಬ್ರಹಾಂ, ಮಾರ್ಡೆಕಾಯ್ ಎಂಬ ಹೆಸರುಗಳು ನಮ್ಮ ಮನೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ನಿಮ್ಮ ಕಡೆಯ ಲಿಂಕನ್ನರಲ್ಲಿ ಸಾಮಾನ್ಯವಾದ ಲೆವಿ ಎಂಬ ಹೆಸರು ಮಾತ್ರ ನಮ್ಮಲ್ಲಿಲ್ಲ ಎಂದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ಚುನಾವಣಾ ಭಾಷಣಕ್ಕೆಂದು ಮ್ಯಾಸಚೂಸೆಟ್ಸ್‌ಗೆ ಹೋದಾಗ ವೂಸ್ಟರ್‌ನಲ್ಲಿ ಮಾಜಿ ಗವರ್ನರ್ ಲೆವಿ ಲಿಂಕನ್ ಮನೆಯಲ್ಲಿ ಊಟ ಮಾಡಿದರು. ಇಬ್ಬರೂ ಒಂದೇ ಮೂಲಪುರುಷನ ಕುಡಿಗಳು. ಅದನ್ನು ಖಚಿತವಾಗಿ ಹೇಳಬಲ್ಲವರು ಆ ಪಂಕ್ತಿಯಲ್ಲಿ ಯಾರೂ ಇರಲಿಲ್ಲ. 1859ರ ಡಿಸೆಂಬರ್‌ನಲ್ಲಿ ಗೆಳೆಯ ಜೆಸ್ಸಿ ಫೆಲ್‌ಗೆ ಕಳಿಸಿದ ಪುಟ್ಟ ಆತ್ಮಕಥನದಲ್ಲೂ ಲಿಂಕನ್ ಇಷ್ಟೇ ಹೇಳಿದರು: ನ್ಯೂ ಇಂಗ್ಲೆಂಡಿನ ಲಿಂಕನ್ನರ ಜೊತೆ ನಮ್ಮ ನಂಟು ಹುಡುಕಿದವರಿಗೆ ಹೆಸರುಗಳ ಹೋಲಿಕೆಗಿಂತ ಹೆಚ್ಚಿನದೇನೂ ಸಿಕ್ಕಿಲ್ಲ.

ಬೇರು ಸಿಕ್ಕಿದ್ದು ಆ ಹೆಸರುಗಳ ಜಾಡಿನಲ್ಲಿಯೇ. ಲಿಂಕನ್ ತೀರಿಹೋಗಿ ನಾಲ್ಕು ದಶಕ ಕಳೆದ ಮೇಲೆ, 1909ರಲ್ಲಿ ಜೆ. ಹೆನ್ರಿ ಲೀ ಮತ್ತು ಜೆ. ಆರ್. ಹಚಿನ್‌ಸನ್ ವಂಶಾವಳಿಯನ್ನು ಇಂಗ್ಲೆಂಡಿನವರೆಗೆ ಬೆಳೆಸಿ ಪುಸ್ತಕ ಮಾಡಿದರು. 1923ರಲ್ಲಿ ವಾಲ್ಡೊ ಲಿಂಕನ್ ಇಡೀ ಮನೆತನದ ಚರಿತ್ರೆಯನ್ನೇ ಬರೆದ. ಇವರಿಗೆಲ್ಲ ಆಧಾರವಾದದ್ದು ಕೌಂಟಿ ಕಚೇರಿಗಳ ಕ್ರಯಪತ್ರ, ಸರ್ವೆ ನಕ್ಷೆ, ಉಯಿಲು, ತೆರಿಗೆ ಪಟ್ಟಿ, ದಾವೆ ಕಡತ. ಮನೆಯವರಿಗೆ ನೆನಪಿಲ್ಲದಿದ್ದುದು ಕಚೇರಿಯ ಕಪಾಟಿನಲ್ಲಿತ್ತು. ಆ ಕಾಗದಗಳನ್ನು ಸಾಲಾಗಿ ಇಟ್ಟು ಓದಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಪಡುವಣದ ವಲಸೆಯನ್ನು ಸಾಹಸದ ಕಥೆಯಾಗಿ ಹೇಳುವುದು ರೂಢಿ. ಈ ಮನೆತನವನ್ನು ಊರಿಂದೂರಿಗೆ ಎಬ್ಬಿಸಿದ್ದು ಸಾಹಸಕ್ಕಿಂತ ಹೆಚ್ಚಾಗಿ ಪಾಲು, ಹಕ್ಕುಪತ್ರ, ಚಕ್ಕುಬಂದಿಯ ತಕರಾರು.

ಮೂಲಪುರುಷ ಸ್ಯಾಮ್ಯುಯೆಲ್ ಲಿಂಕನ್. 1622ರಲ್ಲಿ ಇಂಗ್ಲೆಂಡಿನ ನಾರ್‌ಫೋಕ್‌ನ ಹಿಂಗಂನಲ್ಲಿ ಅವನಿಗೆ ದೀಕ್ಷಾಸ್ನಾನವಾದ ದಾಖಲೆಯಿದೆ. ನಾರಿಚ್ ಪಟ್ಟಣದ ನೇಕಾರ ಫ್ರಾನ್ಸಿಸ್ ಲಾಸ್ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ 1637ರಲ್ಲಿ ಯಜಮಾನನ ಜೊತೆ ಹಡಗು ಹತ್ತಿ ಮ್ಯಾಸಚೂಸೆಟ್ಸ್‌ಗೆ ಬಂದ. ಅಣ್ಣಂದಿರು ಆಗಲೇ ಬಂದು ಹಳೆಯ ಊರಿನ ಹೆಸರನ್ನೇ ಇಟ್ಟುಕೊಂಡಿದ್ದ ಹೊಸ ಹಿಂಗಂನಲ್ಲಿ ನೆಲೆಸಿದ್ದರು. ಅವನ ಮಗ ಮಾರ್ಡೆಕಾಯ್ ಕಮ್ಮಾರ. ಸಿಚುಯೇಟ್ ಬಳಿ ಕಬ್ಬಿಣದ ಕುಲುಮೆ ನಡೆಸಿದವನು. ಇವನ ಹೆಂಡತಿ ಸಾರಾ ಜೋನ್ಸ್‌ಳ ತಂದೆಯ ಹೆಸರು ಅಬ್ರಹಾಂ. ಮನೆತನಕ್ಕೆ ಆ ಹೆಸರು ಬಂದದ್ದು ಹೀಗೆ, ತಾಯಿಯ ತವರಿನಿಂದ.

ಮಾರ್ಡೆಕಾಯ್‌ನ ಮಕ್ಕಳಾದ ಇನ್ನೊಬ್ಬ ಮಾರ್ಡೆಕಾಯ್ ಮತ್ತು ಅಬ್ರಹಾಂ ದಕ್ಷಿಣಕ್ಕೆ ಸರಿದು ನ್ಯೂಜೆರ್ಸಿ ಸೇರಿದರು. ಕಿರಿಯ ಮಾರ್ಡೆಕಾಯ್ ಅಲ್ಲಿ ಹ್ಯಾನಾ ಸಾಲ್ಟರ್‌ಳನ್ನು ಮದುವೆಯಾಗಿ, ಆಮೇಲೆ ಪೆನ್ಸಿಲ್ವೇನಿಯಾಕ್ಕೆ ಹೋಗಿ, ಈಗಿನ ಬರ್ಕ್ಸ್ ಕೌಂಟಿಯಲ್ಲಿ ಜಮೀನು ಹಿಡಿದ. 1733ರಲ್ಲಿ ಅವನು ಕಟ್ಟಿಸಿದ ಕಲ್ಲಿನ ಮನೆ ಈಗಲೂ ನಿಂತಿದೆ. ನೆರೆಯವರು ಬೂನ್ ಮನೆಯವರು; ಕೆಂಟಕಿಗೆ ದಾರಿ ಕಡಿದು ಹೆಸರಾದ ಡೇನಿಯಲ್ ಬೂನ್ ಹುಟ್ಟಿದ್ದು ಅಲ್ಲೇ. ಎರಡೂ ಮನೆಗಳ ನಡುವೆ ಕೊಡುಕೊಳ್ಳುವಿಕೆ ನಡೆಯಿತು.

ನ್ಯೂಜೆರ್ಸಿಯ ಮಾರ್ಡೆಕಾಯ್ ಮತ್ತು ಪೆನ್ಸಿಲ್ವೇನಿಯಾದ ಮಾರ್ಡೆಕಾಯ್ ಒಬ್ಬನೇ ಎಂಬುದಕ್ಕೆ ಏನು ಸಾಕ್ಷಿ? ಒಂದು ಕ್ರಯಪತ್ರ. 1748ರಲ್ಲಿ ಪೆನ್ಸಿಲ್ವೇನಿಯಾದ ಜಾನ್ ಲಿಂಕನ್ ಎಂಬವನು ನ್ಯೂಜೆರ್ಸಿಯಲ್ಲಿದ್ದ 300 ಎಕರೆ ಮಾರಿದ. ಮಾರುವವನಿಗೆ ಆ ಜಮೀನು ಹೇಗೆ ಬಂತೆಂದು ಬರೆಯಬೇಕಲ್ಲ. ತಾನು ಮಾರ್ಡೆಕಾಯ್‌ನ ಮಗ ಮತ್ತು ವಾರಸುದಾರ ಎಂದು ಪತ್ರದಲ್ಲಿ ನಮೂದಿಸಿದ. ಜಮೀನು ಕೊಂಡವನ ಸಮಾಧಾನಕ್ಕೆಂದು ಗುಮಾಸ್ತ ಬರೆದ ಆ ಒಂದು ಒಕ್ಕಣೆ ಎರಡು ರಾಜ್ಯಗಳನ್ನೂ ಎರಡು ತಲೆಮಾರುಗಳನ್ನೂ ಕೂಡಿಸಿತು. ವಂಶಾವಳಿ ಹುಡುಕುವವರು ಜನನ ಮರಣದ ಪುಸ್ತಕಕ್ಕಿಂತ ಮೊದಲು ಜಮೀನಿನ ಕಾಗದ ನೋಡುವುದು ಇದಕ್ಕೇ.

ಇದೇ ಜಾನ್ 1768ರಲ್ಲಿ ಶೆನಂಡೋವಾ ಕಣಿವೆ ಹಿಡಿದು ವರ್ಜೀನಿಯಾಕ್ಕೆ ಇಳಿದ, ಲಿನ್‌ವಿಲ್ ಹಳ್ಳದ ದಂಡೆಯಲ್ಲಿ 600 ಎಕರೆ ಕೊಂಡ. ಒಳ್ಳೆಯ ಭೂಮಿ, ನೀರಿಗೆ ಕೊರತೆಯಿಲ್ಲ. ಅವನೂ ಅವನ ಕೆಲವು ಮಕ್ಕಳೂ ಅಲ್ಲೇ ಉಳಿದರು; ಆ ಕವಲಿನಲ್ಲಿ ಗುಲಾಮರನ್ನು ಇಟ್ಟುಕೊಂಡವರೂ ಇದ್ದರು. ಹಿರಿಯ ಮಗ ಅಬ್ರಹಾಂಗೆ ಅಪ್ಪ ಪಾಲು ಕೊಟ್ಟಿದ್ದ. ಅವನು 1780ರಲ್ಲಿ ಅದನ್ನು 5,000 ಪೌಂಡಿಗೆ ಮಾರಿದ. ಕೇಳುವುದಕ್ಕೆ ದೊಡ್ಡ ಮೊತ್ತ, ಆದರೆ ಸ್ವಾತಂತ್ರ್ಯ ಯುದ್ಧದ ಕಾಲದ ಆ ನೋಟುಗಳ ಬೆಲೆ ಪಾತಾಳಕ್ಕೆ ಇಳಿದಿತ್ತು. ಬೆಟ್ಟದಾಚೆ ಕೆಂಟಕಿಯಲ್ಲಿ ಭೂಮಿ ಅಗ್ಗ ಎಂದು ಎಲ್ಲರ ಬಾಯಲ್ಲೂ ಇದ್ದ ಕಾಲ ಅದು.

ಕೆಂಟಕಿ ಆಗ ವರ್ಜೀನಿಯಾದ ಭಾಗ. 1779ರ ಭೂ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಖಜಾನೆಗೆ ಹಣ ಕಟ್ಟಿ ವಾರಂಟ್ ಪಡೆಯಬಹುದಿತ್ತು. ಆಮೇಲೆ ಕಾಡಿಗೆ ಹೋಗಿ ತನಗೆ ಬೇಕಾದ ನೆಲವನ್ನು ತಾನೇ ಗುರುತು ಹಾಕಿ, ಅಳತೆ ಮಾಡಿಸಿ, ನೋಂದಾಯಿಸಬೇಕು. ಸರ್ಕಾರ ಮೊದಲು ಅಳೆದು ಕೊಡುವ ಪದ್ಧತಿಯಿಲ್ಲ. ಹಳ್ಳದ ತಿರುವಿನಿಂದ ಬಿಳಿ ಓಕ್ ಮರಕ್ಕೆ, ಅಲ್ಲಿಂದ ಇಷ್ಟು ದೂರದ ಇನ್ನೊಂದು ಮರಕ್ಕೆ, ಹೀಗೆ ಚಕ್ಕುಬಂದಿ. ಮರ ಬಿದ್ದರೆ, ಹಳ್ಳ ದಾರಿ ಬದಲಿಸಿದರೆ ಹದ್ದು ಎಲ್ಲಿ? ಒಂದೇ ನೆಲಕ್ಕೆ ಮೂವರು ನಾಲ್ವರು ಹಕ್ಕು ಹೇಳುವುದು ಮಾಮೂಲಾಯಿತು. ಕಾಡಿಗೆ ಕಾಲಿಡದೆ ಪಟ್ಟಣದಲ್ಲಿ ಕೂತು ಸಾವಿರಗಟ್ಟಲೆ ಎಕರೆಯ ವಾರಂಟ್ ಕೊಂಡವರು ಇದರಲ್ಲಿ ಗೆದ್ದರು. ಕೊಡಲಿ ಹಿಡಿದವನು ಸೋತ. ಆ ನಾಡಿಗೆ ದಾರಿ ತೋರಿಸಿದ ಡೇನಿಯಲ್ ಬೂನನೇ ಹಕ್ಕುಪತ್ರದ ವ್ಯಾಜ್ಯಗಳಲ್ಲಿ ತನ್ನ ಕೆಂಟಕಿಯ ಜಮೀನೆಲ್ಲ ಕಳೆದುಕೊಂಡ ಎಂದ ಮೇಲೆ ಉಳಿದವರ ಪಾಡು ಹೇಳುವುದೇ ಬೇಡ.

ಅಬ್ರಹಾಂ ಲಾಂಗ್ ರನ್ ಹಳ್ಳದ ಬಳಿ 400 ಎಕರೆ ಹಿಡಿದ. 1785ರ ಅದರ ಸರ್ವೆ ದಾಖಲೆಯಲ್ಲಿ ಅವನ ಹೆಸರು 'ಲಿಂಕ್‌ಹಾರ್ನ್' ಎಂದಿದೆ. ಬರೆಯುವವನು ಕಿವಿಗೆ ಬಿದ್ದಂತೆ ಬರೆದ. ಲಿಂಕನ್ ಎಂದಷ್ಟೇ ಹುಡುಕಿದವರಿಗೆ ಈ ಹಾಳೆ ಸಿಗುವುದಿಲ್ಲ. ಸಿಕ್ಕಿದವರಿಗೆ ಮಾತ್ರ ಮೊಮ್ಮಗನ ನೆನಪನ್ನು ತಿದ್ದುವ ಆಧಾರ ದೊರೆಯುತ್ತದೆ: 1785ರಲ್ಲಿ ಜಮೀನು ಅಳತೆ ಮಾಡಿಸಿದವನು 1784ರಲ್ಲಿ ಸತ್ತಿರಲಾರ.

ಅವನು ಸತ್ತದ್ದು 1786ರ ಮೇ ತಿಂಗಳಲ್ಲಿ. ಮೂವರು ಗಂಡುಮಕ್ಕಳ ಜೊತೆ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಕಾಡಿನಂಚಿನಿಂದ ಗುಂಡು ಹಾರಿತು. ನಡುವಿನವನಾದ ಜೊಸೈಯಾ ನೆರವಿಗಾಗಿ ಕೋಟೆಯ ಕಡೆ ಓಡಿದ. ಹಿರಿಯವನು ಮಾರ್ಡೆಕಾಯ್ ಗುಡಿಸಲಿಗೆ ನುಗ್ಗಿ ಬಂದೂಕು ತೆಗೆದುಕೊಂಡ. ಎಂಟು ವರ್ಷದ ಥಾಮಸ್ ಅಪ್ಪನ ಹೆಣದ ಪಕ್ಕದಲ್ಲೇ ಇದ್ದ. ಒಬ್ಬ ಮೂಲನಿವಾಸಿ ಯೋಧ ಹುಡುಗನ ಹತ್ತಿರ ಬರುತ್ತಿದ್ದಂತೆ ಅಣ್ಣ ಗುಡಿಸಲಿನಿಂದ ಗುರಿಯಿಟ್ಟು ಹೊಡೆದ. ಆ ಕ್ಷಣ ಗುರಿ ತಪ್ಪಿದ್ದರೆ ಅಮೆರಿಕಕ್ಕೆ ಹದಿನಾರನೆಯ ಅಧ್ಯಕ್ಷ ಬೇರೆ ಯಾರೋ ಆಗಿರುತ್ತಿದ್ದರು. ಥಾಮಸ್ ಈ ಕಥೆಯನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳಿದ. ಬೇರೆಲ್ಲ ಮರೆತರೂ ಮನೆತನ ಇದನ್ನು ಮಾತ್ರ ಮರೆಯಲಿಲ್ಲ. ಗುಂಡು ಹಾರಿಸಿದವರ ಕಡೆಯ ಕಥೆ ಯಾವ ಮನೆಯಲ್ಲೂ ಹೀಗೆ ಬರಹಕ್ಕಿಳಿಯಲಿಲ್ಲ. ಅವರಿಗೆ ಕೆಂಟಕಿ ಬೇಟೆಯ ನೆಲ. ಒಂದೊಂದು ಸರ್ವೆಯೂ ಅದರ ಮೇಲೆ ಹಾಕಿದ ಬೇಲಿ.

ಗುಂಡಿಗಿಂತ ನಿಧಾನವಾಗಿ, ಆದರೆ ಅಷ್ಟೇ ಖಚಿತವಾಗಿ, ಒಂದು ಕಾನೂನು ಥಾಮಸ್‌ನ ಬದುಕನ್ನು ಮುರಿಯಿತು. ವರ್ಜೀನಿಯಾದಲ್ಲಿ ಉಯಿಲಿಲ್ಲದೆ ಸತ್ತವನ ಜಮೀನೆಲ್ಲ ಹಿರಿಯ ಮಗನಿಗೆ. ಈ ಪದ್ಧತಿಯನ್ನು ರದ್ದುಗೊಳಿಸಿದ ಕಾಯ್ದೆ 1785ರಲ್ಲೇ ಅಂಗೀಕಾರವಾಗಿತ್ತು, ಜಾರಿಗೆ ಬಂದದ್ದು 1787ರ ಜನವರಿ 1ರಿಂದ. ಅಪ್ಪ ಸತ್ತದ್ದು ಅದಕ್ಕೆ ಏಳೆಂಟು ತಿಂಗಳು ಮುಂಚೆ. ಹಾಗಾಗಿ ಮಾರ್ಡೆಕಾಯ್‌ಗೆ ಎಲ್ಲ ಬಂತು. ತಮ್ಮಂದಿರಿಗೆ ಒಂದು ಗುಂಟೆಯೂ ಇಲ್ಲ. ಥಾಮಸ್ ಅವರಿವರ ಹೊಲದಲ್ಲಿ ಕೂಲಿ ಮಾಡುತ್ತ, ಶಾಲೆಯ ಮುಖ ನೋಡದೆ ಬೆಳೆದ. ಬಡಗಿ ಕೆಲಸ ಕಲಿತ.

ಥಾಮಸ್‌ನನ್ನು ಸೋಮಾರಿ, ಕಾಲು ನಿಲ್ಲದವನು ಎಂದು ಚರಿತ್ರೆಕಾರರು ಬಹುಕಾಲ ಚಿತ್ರಿಸಿದರು. ಇದು ನನಗೆ ಒಪ್ಪಿಗೆಯಾಗದ ಮಾತು. 1926ರಲ್ಲಿ ಲೂಯಿಸ್ ವಾರನ್ ಕೆಂಟಕಿಯ ಕಚೇರಿ ಕಾಗದಗಳನ್ನು ಹೊರತೆಗೆದು ಪ್ರಕಟಿಸಿದಾಗ ಕಂಡ ಮನುಷ್ಯ ಬೇರೆ. ಅವನು ತೆರಿಗೆ ಕಟ್ಟಿದ್ದಾನೆ, ನ್ಯಾಯದರ್ಶಿಯಾಗಿ ಕೂತಿದ್ದಾನೆ, ನಗದು ಕೊಟ್ಟು ಜಮೀನು ಕೊಂಡಿದ್ದಾನೆ. 1803ರಲ್ಲಿ ಮಿಲ್ ಕ್ರೀಕ್ ಬಳಿ 238 ಎಕರೆ ಕೊಂಡ. ಅಳತೆ ತಪ್ಪಿದ್ದರಿಂದ ಮಾರುವಾಗ ಅದರಲ್ಲಿ 38 ಎಕರೆ ಕೈಬಿಟ್ಟಿತು. 1808ರ ಡಿಸೆಂಬರ್‌ನಲ್ಲಿ 200 ಡಾಲರ್ ಕೊಟ್ಟು ಸಿಂಕಿಂಗ್ ಸ್ಪ್ರಿಂಗ್ ಎಂಬ ಒರತೆಯಿದ್ದ ಜಮೀನು ಹಿಡಿದ. ಎರಡು ತಿಂಗಳ ಮೇಲೆ, 1809ರ ಫೆಬ್ರವರಿ 12ರಂದು, ಅಬ್ರಹಾಂ ಹುಟ್ಟಿದ್ದು ಅಲ್ಲೇ. ಹಿಂದಿನವರು ಉಳಿಸಿದ್ದ ಬಾಕಿಗಾಗಿ ದಾವೆ ಬಿದ್ದು ಅದೂ ಹೋಯಿತು. ಆ ಜಮೀನಿನ ಚಕ್ಕುಬಂದಿಗೆ ಗುರುತಾಗಿದ್ದ ಬಿಳಿ ಓಕ್ ಮರ 1976ರವರೆಗೂ ಬದುಕಿತ್ತು. ಸೊಂಪಾಗಿ ಬೆಳೆದ ಮರವೊಂದನ್ನು ಹದ್ದಿನ ಕಲ್ಲಿನಂತೆ ನಂಬಿ ಒಬ್ಬ ರೈತ ತನ್ನ ಗಳಿಕೆಯನ್ನು ಹೂಡಿದ್ದ.

ಮೂರನೆಯದು ನಾಬ್ ಕ್ರೀಕ್. ಅಲ್ಲಿ ಸಾಗುವಳಿ ಮಾಡುತ್ತಿದ್ದವರ ಮೇಲೆ, ಹಳೆಯ ವಾರಂಟ್ ಹಿಡಿದಿದ್ದ ವಾರಸುದಾರರು ಒಕ್ಕಲೆಬ್ಬಿಸುವ ದಾವೆ ಹೂಡಿದರು. ಇನ್ನೊಂದು ಬೇಗುದಿಯೂ ಇತ್ತು. ಗುಲಾಮರ ದುಡಿಮೆ ಇರುವ ಕಡೆ ಕೂಲಿಯವನ ತೋಳಿಗೆ ಬೆಲೆ ಸಿಗುವುದಿಲ್ಲ. ಥಾಮಸ್ ಮತ್ತು ಅವನ ಹೆಂಡತಿ ನ್ಯಾನ್ಸಿ ನಡೆದುಕೊಳ್ಳುತ್ತಿದ್ದ ಬ್ಯಾಪ್ಟಿಸ್ಟ್ ಸಭೆ ಗುಲಾಮಗಿರಿಯನ್ನು ವಿರೋಧಿಸುತ್ತಿತ್ತು. ಅಪ್ಪ ಕೆಂಟಕಿ ಬಿಟ್ಟದ್ದಕ್ಕೆ ಗುಲಾಮಗಿರಿ ಸ್ವಲ್ಪಮಟ್ಟಿಗೆ ಕಾರಣ, ಮುಖ್ಯ ಕಾರಣ ಭೂಮಿಯ ಹಕ್ಕಿನ ತೊಡಕು ಎಂದು ಮಗ ಮುಂದೆ 1860ರಲ್ಲಿ ಬರೆದರು. ಅಧ್ಯಕ್ಷ ಚುನಾವಣೆಗೆ ನಿಂತಿದ್ದ ವರ್ಷ ಅದು. ಗುಲಾಮಗಿರಿಯೊಂದನ್ನೇ ಕಾರಣವಾಗಿ ಹೇಳಿದ್ದರೆ ಪ್ರಚಾರಕ್ಕೆ ಅನುಕೂಲವಾಗುತ್ತಿತ್ತು. ಹಾಗೆ ಹೇಳದೆ ಇದ್ದದ್ದನ್ನು ಇದ್ದಂತೆ ಬರೆದರು.

1816ರ ಡಿಸೆಂಬರ್‌ನಲ್ಲಿ ಓಹಾಯೊ ನದಿ ದಾಟಿ ಇಂಡಿಯಾನಾ ಸೇರಿದರು. ಅದು ರಾಜ್ಯವಾಗಿದ್ದು ಅದೇ ತಿಂಗಳು. ಅಲ್ಲಿ ಗುಲಾಮಗಿರಿಗೆ ನಿಷೇಧ. ಥಾಮಸ್‌ಗೆ ಅದಕ್ಕಿಂತ ಮಿಗಿಲಾದದ್ದು ಅಲ್ಲಿನ ಅಳತೆ. 1785ರ ಕೇಂದ್ರ ಕಾನೂನಿನಂತೆ ಮಾರುವ ಮೊದಲೇ ಸರ್ಕಾರ ಸರಪಳಿ ಹಿಡಿದು ನೆಲವನ್ನು ಚೌಕಗಳಾಗಿ ಅಳೆದಿತ್ತು. ಆರು ಮೈಲಿ ಚೌಕದ ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. 1817ರ ಅಕ್ಟೋಬರ್‌ನಲ್ಲಿ ವಿನ್‌ಸೆನ್ಸ್‌ನ ಭೂ ಕಚೇರಿಯಲ್ಲಿ ಥಾಮಸ್ ಹೆಸರಿಗೆ ಬರೆದದ್ದು ಸೆಕ್ಷನ್ 32ರ ನೈಋತ್ಯ ಕಾಲುಭಾಗ, 160 ಎಕರೆ. ಈ ವಿವರಣೆಯಲ್ಲಿ ಮರವಿಲ್ಲ, ಹಳ್ಳವಿಲ್ಲ, ನೆರೆಯವನ ಹೆಸರಿಲ್ಲ. ಆ ಚೌಕ ಇನ್ನೊಬ್ಬನದಾಗಲು ಸಾಧ್ಯವೇ ಇಲ್ಲ. ಹಾಗೆ ಅಳೆಯಲು ಸಾಧ್ಯವಾದದ್ದು 1804ರ ಒಪ್ಪಂದಗಳಲ್ಲಿ ಡೆಲವೇರ್ ಮತ್ತು ಪಿಯಾಂಕಶಾ ಜನರಿಂದ ಆ ಸೀಮೆಯನ್ನು ಬರೆಸಿಕೊಂಡಿದ್ದರಿಂದ.

ಎಕರೆಗೆ 2 ಡಾಲರ್, ಕಂತಿನಲ್ಲಿ. ದಟ್ಟ ಕಾಡು. ಮೊದಲ ಚಳಿಗಾಲ ತೀರಾ ಕಷ್ಟದ್ದು. ಎಂಟು ತುಂಬದ ಹುಡುಗನ ಕೈಗೂ ಕೊಡಲಿ ಬಂತು. 1818ರಲ್ಲಿ ಆ ಸೀಮೆಗೆ ಹಾಲಿನ ರೋಗ ತಗುಲಿತು. ಮರದ ನೆರಳಲ್ಲಿ ಬೆಳೆಯುವ ವೈಟ್ ಸ್ನೇಕ್‌ರೂಟ್ ಎಂಬ ಬಿಳಿ ಹೂವಿನ ಗಿಡವನ್ನು ದನ ಮೇಯುತ್ತದೆ. ವಿಷ ಹಾಲಿಗೆ ಇಳಿಯುತ್ತದೆ. ಕುಡಿದವರು ನಡುಗಿ, ವಾಂತಿ ಮಾಡಿ, ಕೆಲವೇ ದಿನಗಳಲ್ಲಿ ಸಾಯುತ್ತಾರೆ. ಅಕ್ಟೋಬರ್ 5ರಂದು ನ್ಯಾನ್ಸಿ ತೀರಿಕೊಂಡಳು. ಥಾಮಸ್ ಹಲಗೆ ಕೊಯ್ದು ಪೆಟ್ಟಿಗೆ ಮಾಡಿದ. ಒಂಬತ್ತು ವರ್ಷದ ಮಗ ಅದಕ್ಕೆ ಬೇಕಾದ ಮರದ ಗೂಟಗಳನ್ನು ಚಾಕುವಿನಿಂದ ಕೆತ್ತಿ ಕೊಟ್ಟ. ಮರುವರ್ಷ ಥಾಮಸ್ ಕೆಂಟಕಿಗೆ ಹೋಗಿ, ಮೂವರು ಮಕ್ಕಳ ವಿಧವೆ ಸಾರಾ ಬುಷ್ ಜಾನ್‌ಸ್ಟನ್‌ಳನ್ನು ಮದುವೆಯಾಗಿ ಕರೆತಂದ. ಈ ಮಲತಾಯಿ ತನ್ನ ಸಾಮಾನಿನ ಜೊತೆ ಪುಸ್ತಕಗಳನ್ನೂ ತಂದಳು. ಲಿಂಕನ್ ಕೊನೆಯವರೆಗೂ ಆಕೆಯನ್ನು ತಾಯಿ ಎಂದೇ ಕಂಡರು.

ಕಂತು ಪೂರಾ ಕಟ್ಟಲು ಆಗಲಿಲ್ಲ. 1827ರಲ್ಲಿ ಥಾಮಸ್ ಅರ್ಧ ಜಮೀನನ್ನು ಸರ್ಕಾರಕ್ಕೆ ಹಿಂದಿರುಗಿಸಿ ಉಳಿದ 80 ಎಕರೆಗೆ ಪಕ್ಕಾ ಪತ್ರ ಮಾಡಿಸಿಕೊಂಡ. ಜೀವಮಾನದಲ್ಲಿ ಅವನಿಗೆ ಸಿಕ್ಕ ಕಳಂಕವಿಲ್ಲದ ಹಕ್ಕುಪತ್ರ ಅದು. ಮೂರೇ ವರ್ಷದಲ್ಲಿ ಅದನ್ನೂ ಮಾರಿದ. ಹಾಲಿನ ರೋಗದ ಸುದ್ದಿ ಮತ್ತೆ ಹಬ್ಬಿತ್ತು. ಮುಂದೆ ಹೋಗಿದ್ದ, ನ್ಯಾನ್ಸಿಯ ತವರಿನ ನೆಂಟ ಜಾನ್ ಹ್ಯಾಂಕ್ಸ್ ಇಲಿನಾಯ್‌ನ ಕಪ್ಪು ಮಣ್ಣನ್ನು ಹೊಗಳಿ ಕಾಗದ ಬರೆಯುತ್ತಿದ್ದ. 160 ಡಾಲರ್ ಕೊಟ್ಟ 80 ಎಕರೆಗೆ, ಹದಿಮೂರು ವರ್ಷ ಕಾಡು ಕಡಿದ ಮೇಲೆ, ಬಂದದ್ದು 125 ಡಾಲರ್.

1830ರ ಮಾರ್ಚ್‌ನಲ್ಲಿ 13 ಜನ ಎತ್ತಿನ ಬಂಡಿಗಳಲ್ಲಿ ಹೊರಟರು. ಒಂದು ಬಂಡಿ ಹೊಡೆದವನು ಇಪ್ಪತ್ತೊಂದು ತುಂಬಿದ್ದ ಅಬ್ರಹಾಂ. ಡಿಕೇಟರ್ ಪಟ್ಟಣದ ಪಡುವಣಕ್ಕೆ ಸ್ಯಾಂಗಮನ್ ನದಿಯ ದಂಡೆಯಲ್ಲಿ ಮನೆ ಕಟ್ಟಿ, ಹತ್ತು ಎಕರೆಗೆ ಮರದ ಬೇಲಿ ಹಾಕಿದರು. ಸೀಳಿದ ಆ ಬೇಲಿಮರಗಳಲ್ಲಿ ಎರಡನ್ನು ಜಾನ್ ಹ್ಯಾಂಕ್ಸ್ 1860ರ ಇಲಿನಾಯ್ ರಾಜ್ಯದ ರಿಪಬ್ಲಿಕನ್ ಸಮಾವೇಶಕ್ಕೆ ಹೊತ್ತು ತಂದಾಗ ಲಿಂಕನ್ ರಾತ್ರೋರಾತ್ರಿ ಬೇಲಿಮರ ಸೀಳುವವರಾದರು. ಆ ಮೊದಲ ವರ್ಷ ಮಾತ್ರ ಮನೆಮಂದಿಗೆಲ್ಲ ಚಳಿಜ್ವರ, ಅದರ ಬೆನ್ನಿಗೆ ಇಲಿನಾಯ್ ಕಂಡರಿಯದ ಹಿಮ. ಥಾಮಸ್ 1831ರಲ್ಲಿ ಗಾಡಿಯನ್ನು ಪೂರ್ವಕ್ಕೇ ತಿರುಗಿಸಿ, ಕೋಲ್ಸ್ ಕೌಂಟಿಯಲ್ಲಿ ನಿಂತ. ಏಳು ತಲೆಮಾರಿನ ನಡಿಗೆ ಅಲ್ಲಿ ಮುಗಿಯಿತು. ವಕೀಲನಾಗಿದ್ದ ಮಗ 1841ರಲ್ಲಿ 200 ಡಾಲರ್ ಕೊಟ್ಟು 40 ಎಕರೆಯನ್ನು ತನ್ನ ಹೆಸರಿಗೆ ಬರೆಸಿಕೊಂಡು, ತಂದೆತಾಯಿ ಬದುಕಿರುವವರೆಗೆ ಅಲ್ಲೇ ಉಳಿಯಲು ಹಕ್ಕು ಕೊಟ್ಟ. 1851ರ ಜನವರಿಯಲ್ಲಿ ಥಾಮಸ್ ಸತ್ತಾಗ ಮಗ ಹೋಗಲಿಲ್ಲ. ಇಬ್ಬರ ನಡುವೆ ಬಿಗುವಿತ್ತು. ಆದರೆ ಆ ಬಳಿಕ ಮನೆಯ ಬೈಬಲ್‌ನಲ್ಲಿ ಹುಟ್ಟು, ಮದುವೆ, ಸಾವುಗಳ ಪಟ್ಟಿಯನ್ನು ಕೂತು ತನ್ನ ಕೈಯಾರೆ ಬರೆದ.

ತಾಯಿಯ ಕಡೆಯ ಕೊಂಡಿ ಸಿಕ್ಕಿದ್ದು ಇನ್ನೂ ತಡವಾಗಿ. ಥಾಮಸ್ ಮತ್ತು ನ್ಯಾನ್ಸಿಯ ಮದುವೆ ದಾಖಲೆಯನ್ನು ಜನ ಹುಡುಕಿದ್ದು ಅವರು ಸಂಸಾರ ಹೂಡಿದ್ದ ಹಾರ್ಡಿನ್ ಕೌಂಟಿಯಲ್ಲಿ. ಅಲ್ಲಿ ಸಿಗಲಿಲ್ಲ. ಮದುವೆಯೇ ಆಗಿರಲಿಲ್ಲವೆಂಬ ಹೊಲಸು ಮಾತು ಹಬ್ಬಿತು. ಲಿಂಕನ್ ಸತ್ತು ಹತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಪಕ್ಕದ ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ ಕಾಗದ ಸಿಕ್ಕಿತು: 1806ರ ಜೂನ್ 10ರಂದು ಥಾಮಸ್ ಬರೆದುಕೊಟ್ಟ 50 ಪೌಂಡಿನ ಮುಚ್ಚಳಿಕೆ, ಹೆಣ್ಣಿನ ಪೋಷಕನಾಗಿ ರಿಚರ್ಡ್ ಬೆರ್ರಿಯ ಸಹಿ, ಜೂನ್ 12ರಂದು ಮದುವೆ ಮಾಡಿಸಿದೆನೆಂದು ಪಾದ್ರಿ ಜೆಸ್ಸಿ ಹೆಡ್ ಕೊಟ್ಟ ವರದಿ. ನ್ಯಾನ್ಸಿ ಯಾರ ಮಗಳು ಎಂಬ ಪ್ರಶ್ನೆಗೆ ಕಾಗದ ಸಾಲಲಿಲ್ಲ. ತಾಯಿಯಿಂದ ಮಗಳಿಗೆ ಇಳಿಯುವ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಹ್ಯಾಂಕ್ಸ್ ಕುಟುಂಬದ ಹೆಣ್ಣುಸಾಲಿನವರಲ್ಲಿ ಪರೀಕ್ಷಿಸಿ, ಆಕೆ ಲೂಸಿ ಹ್ಯಾಂಕ್ಸ್‌ಳ ಮಗಳೆಂಬ ನಿರ್ಣಯಕ್ಕೆ ಸಂಶೋಧಕರು ಬಂದದ್ದು 2015ರಲ್ಲಿ. ಆ ಹೊತ್ತಿಗೆ ಅಧ್ಯಕ್ಷರ ನೇರ ಸಂತತಿ ಮುಗಿದಿತ್ತು. ಕೊನೆಯ ಕುಡಿ, ಮರಿಮಗ ರಾಬರ್ಟ್ ಟಾಡ್ ಲಿಂಕನ್ ಬೆಕ್‌ವಿತ್, 1985ರಲ್ಲಿ ತೀರಿಕೊಂಡ.

ಅಪ್ಪನ ಭೂಮಿಯ ಕಥೆಗೆ ಮಗ ಸೇರಿಸಿದ ಪುಟವೊಂದಿದೆ. 1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ, ಅಲ್ಪ ಶುಲ್ಕಕ್ಕೆ. ಥಾಮಸ್ ಇಂಡಿಯಾನಾದಲ್ಲಿ ಹಿಡಿದು ಉಳಿಸಿಕೊಳ್ಳಲಾಗದೆ ಹೋದದ್ದು ಇಷ್ಟೇ ಅಳತೆಯ ಜಮೀನು. ಅದೇ ವರ್ಷದ ಡಿಸೆಂಬರ್ 26ರಂದು, ನೆಲ ಕಳೆದುಕೊಂಡು ಹಸಿದು ದಂಗೆಯೆದ್ದಿದ್ದ 38 ಮಂದಿ ಡಕೋಟಾ ಜನರನ್ನು ಮಿನೆಸೋಟಾದಲ್ಲಿ ಗಲ್ಲಿಗೇರಿಸಲಾಯಿತು. ಇನ್ನೂ ಉದ್ದವಿದ್ದ ಪಟ್ಟಿಯನ್ನು ಕಡಿತಗೊಳಿಸಿ ಆ 38ಕ್ಕೆ ಒಪ್ಪಿಗೆ ಕೊಟ್ಟದ್ದೂ ಲಿಂಕನ್ ಅವರೇ. ಈ ಎರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುವುದು ವಾಡಿಕೆ. ನಡೆದದ್ದು ಒಂದೇ ನೆಲದ ಪ್ರಶ್ನೆಯ ಮೇಲೆ.

ಹೋಮ್‌ಸ್ಟೆಡ್ ಕಾಯ್ದೆಯಡಿ ಸುಮಾರು 16 ಲಕ್ಷ ಹಕ್ಕುಪತ್ರಗಳು, 27 ಕೋಟಿ ಎಕರೆ ಹಂಚಿಕೆಯಾದವು. ಒಂದೊಂದು ಅರ್ಜಿಗೂ ಒಂದು ಕಡತ: ಅರ್ಜಿದಾರನ ವಯಸ್ಸು, ಹೆಂಡತಿ ಮಕ್ಕಳ ವಿವರ, ಮನೆಯ ಉದ್ದಗಲ, ಉತ್ತ ಎಕರೆ, ತೋಡಿದ ಬಾವಿ, ಇಬ್ಬರು ಸಾಕ್ಷಿಗಳ ಹೇಳಿಕೆ, ಹೊರದೇಶದಿಂದ ಬಂದವನಾದರೆ ಪೌರತ್ವದ ಕಾಗದ. ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಲ್ಲಿ ಇವನ್ನು ತರಿಸಿಕೊಂಡು ಅಮೆರಿಕದ ರೈತರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಮನೆತನದ ದಾರಿಯನ್ನು ಜೋಡಿಸುತ್ತಾರೆ. ಆ ಭೂಮಿ ಬರೆಸಿಕೊಂಡ ಮೂಲನಿವಾಸಿ ಒಪ್ಪಂದಗಳೂ ಇರುವುದು ಅದೇ ಸಂಗ್ರಹಾಲಯದಲ್ಲಿ.